ಎಂಜಿನ್ ಗಟ್ಟಿ, ಚಾವಣಿ ಮೆತ್ತಗೆ

ವರ್ಜಿಲ್ ಟ್ರೌಟ್‌ಮನ್ ಮೂವತ್ತೊಂದು ವರ್ಷ ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದವನು. ಎಂಜಿನ್ನಿಗೆ ಕಿವಿಯಿಟ್ಟು ನಿಂತರೆ ಯಾವ ಭಾಗಕ್ಕೆ ನೆಗಡಿಯಾಗಿದೆ ಎಂದು ಹೇಳಿಬಿಡುತ್ತಿದ್ದ. ನಿವೃತ್ತನಾದ ವರ್ಷ, ಇನ್ನು ಹಿಮ ಎತ್ತಿಹಾಕುವುದು ಸಾಕು ಎಂದು ಮನೆ ಮಾರಿ, ಒಳಗೇ ಅಡುಗೆಮನೆ, ಹಾಸಿಗೆ ಇರುವ ಇಪ್ಪತ್ತು ವರ್ಷ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡ. ಮಕ್ಕಳಿರಲಿಲ್ಲ, ಅಡ್ಡಿ ಮಾಡುವವರೂ ಇರಲಿಲ್ಲ. ಹೆಂಡತಿ ಆರ್ಲಿಸ್ ಕೇಳಿದ್ದು ಒಂದೇ ಪ್ರಶ್ನೆ, ಅದರ ಒಲೆಗೆ ಎಷ್ಟು ಬರ್ನರ್ ಇವೆ ಅಂತ. ಮೂರು ಎಂದು ತಿಳಿದ ಮೇಲೆ ಒಪ್ಪಿದಳು.

ಬೇಸಿಗೆಯಲ್ಲಿ ಒರೆಗಾನಿನ ಮಳೆಕಾಡು, ಚಳಿಗಾಲದಲ್ಲಿ ಅರಿಝೋನಾದ ಮರಳುಗಾಡು. ಎರಡೂ ಕಡೆ ಶಿಬಿರತಾಣ ನೋಡಿಕೊಳ್ಳುವ ಕೆಲಸ. ಶೌಚಾಲಯ ತೊಳೆಯಬೇಕು, ಬಂದವರಿಗೆ ಚೀಟಿ ಹರಿದು ಕೊಡಬೇಕು. ಅದಕ್ಕೆ ಬದಲಾಗಿ ನಿಲ್ಲಲು ಜಾಗ, ನೀರು, ಕರೆಂಟು ಪುಕ್ಕಟೆ. ಸ್ವಂತ ಗಾಡಿಮನೆ ಇದ್ದವರಿಗೆ ಮಾತ್ರ ಆ ಕೆಲಸ. ಗಾಡಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಜಾಗವೂ ಹೋಯಿತು. ಇದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಗಾಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ನೋಡಿಕೊಂಡದ್ದೇ ಮುಳುವಾಯಿತು ಎನ್ನುವುದು ಮುಂದಿನ ಮಾತು.

ನವೆಂಬರಿನ ಮೊದಲ ವಾರ ನಮ್ಮ ಮರಳುಗಾಡಿನಲ್ಲಿ ಗಾಡಿಮನೆಗಳ ಮುದುಕರೆಲ್ಲ ಚಾವಣಿ ಹತ್ತುತ್ತಾರೆ. ಮಂಡಿ ಹಿಡಿದುಕೊಂಡು, ಏಣಿಗೆ ಬೈದುಕೊಂಡು. ಬಿಸಿಲಿಗೆ ಚಾವಣಿಯ ಸಂದುಗಳು ಬಾಯಿಬಿಟ್ಟಿರುತ್ತವೆ, ಅವನ್ನು ಮುಚ್ಚಬೇಕು. ಅದಕ್ಕೆಂದೇ ತಯಾರಿಸಿದ ಅಂಟು ಬರುತ್ತದೆ, ಕೊಳವೆಯೊಂದಕ್ಕೆ ಹದಿನೈದು ಡಾಲರ್. ವರ್ಜಿಲ್ ತಂದದ್ದು ಬಚ್ಚಲುಮನೆಗೆ ಹಚ್ಚುವ ಸಿಲಿಕೋನು, ಆರು ಡಾಲರ್. ನೋಡಲು ಎರಡೂ ಬೆಳ್ಳಗೆ. ಆದರೆ ರಬ್ಬರಿನ ಚಾವಣಿಯ ಮೇಲೆ ಸಿಲಿಕೋನು ಒಂದು ವರ್ಷ ಹಿಡಿದಂತೆ ಮಾಡಿ ಅಂಚಿನಲ್ಲಿ ಸದ್ದಿಲ್ಲದೆ ಎದ್ದುಕೊಳ್ಳುತ್ತದೆ. ಒಮ್ಮೆ ಅದನ್ನು ಹಚ್ಚಿದ ಜಾಗಕ್ಕೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಒಮ್ಮೆ ಕೈ ಸುಟ್ಟುಕೊಂಡ ಮೇಲೆ. ವರ್ಜಿಲ್ ಯಾರನ್ನೂ ಕೇಳಲಿಲ್ಲ. ಬಸ್ಸು ಬಿಚ್ಚಿ ಜೋಡಿಸಿದವನು ಅಂಟು ಹಚ್ಚುವುದನ್ನು ಕೇಳಿ ಕಲಿಯುತ್ತಾನೆಯೇ? ಹನ್ನೊಂದು ವರ್ಷ, ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನು ಬಳಿದ.

ಮೂರನೆಯ ವರ್ಷ ಹಾಸಿಗೆಯ ಮೇಲ್ಗಡೆ ಮೂಲೆಯಲ್ಲಿ ಚಹಾ ಬಣ್ಣದ ಕಲೆಯೊಂದು ಕಾಣಿಸಿತು. ಆರ್ಲಿಸ್ ತೋರಿಸಿದಳು. ನಿನ್ನ ಹುರುಳಿಕಾಯಿ ಬೇಯಿಸಿದ ಹಬೆ ಅದು, ಕಿಟಕಿ ತೆಗೆ ಎಂದ ವರ್ಜಿಲ್. ಅವಳು ಮತ್ತೆ ಹೇಳಲಿಲ್ಲ. ಇಪ್ಪತ್ತೆಂಟು ಅಡಿ ಉದ್ದದ ಮನೆಯಲ್ಲಿ ಮುನಿಸಿಕೊಂಡರೆ ಹೋಗಿ ಕೂರಲು ಇನ್ನೊಂದು ಕೋಣೆ ಇಲ್ಲ. ಒಂದು ಡಬ್ಬಿ ಬಿಳಿ ಬಣ್ಣ ತಂದು ಕಲೆಯ ಮೇಲೆ ಬಳಿದಳು. ಮರುವರ್ಷ ಕಲೆ ದೊಡ್ಡದಾಗಿ ಬಂತು, ಮತ್ತೆ ಬಳಿದಳು. ಮೇಲಿನಿಂದ ಅವನು ಮುಚ್ಚಿದ, ಒಳಗಿನಿಂದ ಅವಳು ಮುಚ್ಚಿದಳು. ನಡುವೆ ಚಾವಣಿಯ ಮರ ಕೊಳೆಯುತ್ತಿತ್ತು.

ಕೈಯಲ್ಲಿದ್ದ ದುಡ್ಡೆಲ್ಲ ಚಕ್ರದ ಕಡೆಗೇ ಹೋಯಿತು. ಒಂದು ವರ್ಷ ರೇಡಿಯೇಟರು, ಇನ್ನೊಂದು ವರ್ಷ ಬ್ರೇಕು. ಓಡದಿದ್ದರೂ ಬಿಸಿಲಿಗೆ ಟೈರಿಗೆ ವಯಸ್ಸಾಗುತ್ತದೆ, ಆರೂ ಟೈರು ಒಟ್ಟಿಗೆ ಬದಲಾದವು. ಐದು ವರ್ಷದ ಹಿಂದೆ ರುಬೆನ್ ಬಂದಿದ್ದ. ಗಾಡಿ ನಿಂತಲ್ಲಿಗೇ ಬಂದು ರಿಪೇರಿ ಮಾಡುವವನು, ಪಕ್ಕದ ಯೂಮಾ ಪಟ್ಟಣದ ಹುಡುಗ, ಅಂದರೆ ಐವತ್ತರ ಹುಡುಗ. ಚಾವಣಿ ಪೂರ್ತಿ ಬಿಚ್ಚಿ ಹೊಸದು ಹಾಕಿಸಿಬಿಡಿ, ಮೂರು ಸಾವಿರಕ್ಕೆ ಮುಗಿಸುತ್ತೇನೆ ಎಂದಿದ್ದ. ಆ ಮೂರು ಸಾವಿರ ಗೇರ್‌ಬಾಕ್ಸಿಗೆ ಹೋಯಿತು. ಆರ್ಲಿಸ್‌ಗೆ ಒಳಗೊಳಗೇ ಸಿಟ್ಟು ಬಂದಿತ್ತು, ಆದರೆ ಅದರ ಮೇಲೂ ಬಣ್ಣ ಬಳಿದಳು.

ಈ ನವೆಂಬರಿನಲ್ಲಿ ವರ್ಜಿಲ್ ಎಂದಿನಂತೆ ಏಣಿ ಹತ್ತಿದ. ಆರ್ಲಿಸ್ ಕೆಳಗೆ ಈರುಳ್ಳಿ ಹೆಚ್ಚುತ್ತಿದ್ದಳು. ಹಾಸಿಗೆಯ ಕಡೆ ಒದ್ದೆ ರೊಟ್ಟಿ ಹರಿದಂಥ ಸದ್ದಾಯಿತು. ತಿರುಗಿ ನೋಡಿದರೆ ಚಾವಣಿಯಿಂದ ಒಂದು ಬೂಟು, ಬೂಟಿನ ಮೇಲೆ ಮಂಡಿಯವರೆಗೆ ಗಂಡನ ಕಾಲು ನೇತಾಡುತ್ತಿತ್ತು. ನಗು ಬರುವಂತಿತ್ತು. ಅವಳು ನಗಲಿಲ್ಲ. ಈರುಳ್ಳಿ ಹಿಡಿದ ಕೈಯಲ್ಲೇ ಬೂಟನ್ನು ಹಿಡಿದುಕೊಂಡು, ಪಕ್ಕದವರು ಬಂದು ಅವನನ್ನು ಎತ್ತುವವರೆಗೂ ಹಾಗೇ ನಿಂತಳು.

ರುಬೆನ್ ಬಂದು ದಬ್ಬಳದಿಂದ ಅಲ್ಲಲ್ಲಿ ಚುಚ್ಚಿದ. ಚುಚ್ಚಿದಲ್ಲೆಲ್ಲ ಹಿಡಿಯವರೆಗೆ ಇಳಿಯಿತು. ಗೋಡೆಯೂ ಹೋಗಿದೆ, ಹದಿನಾಲ್ಕು ಸಾವಿರ ಬೇಕು ಎಂದ. ಗಾಡಿಯನ್ನು ಮಾರಿದರೆ ಒಳ್ಳೆಯ ದಿನದಲ್ಲಿ ಐದು ಸಾವಿರ ಬಂದೀತು. ಮೂಗಿಗಿಂತ ಮೂಗುತಿ ಭಾರ.

"ಇಷ್ಟೊಂದು ಸಿಲಿಕೋನ್ ಯಾರು ಬಳಿದಿದ್ದು?" ಎಂದು ಕೇಳಿದ ರುಬೆನ್.

ವರ್ಜಿಲ್ ಬಾಯಿ ತೆರೆಯುವ ಮೊದಲೇ ಆರ್ಲಿಸ್ ಹೇಳಿದಳು: "ಹಿಂದೆ ಗಾಡಿ ಇಟ್ಕೊಂಡಿದ್ದೋರು ಇರಬೇಕು. ನಾವು ತಗೊಂಡಾಗ್ಲೇ ಇತ್ತು."

ರುಬೆನ್ ಪ್ರತಿ ಚಳಿಗಾಲದಲ್ಲೂ ವರ್ಜಿಲನನ್ನು ಆ ಚಾವಣಿಯ ಮೇಲೆ ನೋಡಿದವನೇ. ತಲೆಯಾಡಿಸಿದ, ದಬ್ಬಳ ಒರೆಸಿಕೊಂಡು ಚೀಲಕ್ಕೆ ಹಾಕಿದ. ಬಂದದ್ದಕ್ಕೆ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಅವನು ದುಡ್ಡು ಬೇಡವೆಂದಾಗಲೇ ಆರ್ಲಿಸ್‌ಗೆ ಖಾತ್ರಿಯಾಯಿತು, ಇನ್ನು ಇದು ಉಳಿಯುವುದಿಲ್ಲ ಎಂದು.

ಸಂಜೆ ನಾಲ್ಕಕ್ಕೆ ಎಲ್ಲರೂ ಕುರ್ಚಿ ತಂದು ವೃತ್ತವಾಗಿ ಕೂರುವುದು ಇಲ್ಲಿಯ ರೂಢಿ. ಅಂದು ಎಲ್ಲರೂ ಒಂದೊಂದು ಉಪಾಯ ಹೇಳಿದರು, ಒಬ್ಬರು ನೀಲಿ ತಾಡಪಾಲು ಕೊಟ್ಟರು. ತಾಡಪಾಲಿನ ಕೆಳಗೆ ಐದು ವಾರ ಕಳೆಯಿತು. ಆಮೇಲೆ ಶಿಬಿರದ ಮೇಲ್ವಿಚಾರಕಿ ಬಂದು, ಶಿಬಿರದ ಬಾಗಿಲಲ್ಲೇ ಇರುವ ಗಾಡಿ ಹೀಗಿದ್ದರೆ ಬಂದವರು ಹಿಂದಿರುಗಿ ಹೋಗುತ್ತಾರೆ ಎಂದು ಮೆತ್ತಗೆ ಹೇಳಿದಳು. ಅವರ ಜಾಗಕ್ಕೆ ಟೆಕ್ಸಸ್ಸಿನಿಂದ ಬೇರೆ ದಂಪತಿ ಬರುವುದು ಆಗಲೇ ನಿಶ್ಚಯವಾಗಿತ್ತು. ಮೇಲ್ವಿಚಾರಕಿಯ ಮೇಲೆ ಸಿಟ್ಟಾಗೋಣವೆಂದರೆ ಪಾಪ, ಅವಳು ತಿನ್ನಲು ಹಣ್ಣು ತುಂಬಿ ಬೇಯಿಸಿದ ಪೈ ತಂದಿದ್ದಳು.

ಗುಜರಿಯವನೊಬ್ಬ ಫೋನಿನಲ್ಲಿ ಸಿಕ್ಕಿದ. ಎಂಜಿನ್ನೂ ಚಕ್ರವೂ ಸಾಕು, ಮನೆ ಭಾಗ ಒಡೆದು ಎಸೆಯುವ ಕೂಲಿ ಕಳೆದು ಎರಡು ಸಾವಿರದ ಇನ್ನೂರು ಎಂದ. ಎಳೆದೊಯ್ಯುವ ಲಾರಿ ಕಳಿಸುತ್ತೇನೆ ಎಂದದ್ದಕ್ಕೆ ವರ್ಜಿಲ್ ಬೇಡವೆಂದ. ತಾನೇ ಓಡಿಸಿಕೊಂಡು ಬರುತ್ತೇನೆ ಎಂದ. ಹನ್ನೊಂದು ವರ್ಷದ ಸಾಮಾನು ರುಬೆನ್ನನ ಪಿಕಪ್ಪಿನಲ್ಲಿ ಹಿಡಿಸಿತು. ಅವನು ಹಿಂದಿನಿಂದ ಬಂದ.

ನಲವತ್ತು ಮೈಲಿ ದಾರಿ. ಏರಿನಲ್ಲೂ ಎಂಜಿನ್ ಒಮ್ಮೆಯೂ ಏದುಸಿರು ಬಿಡಲಿಲ್ಲ.

"ಕೇಳಿಸ್ತಾ?" ಎಂದ ವರ್ಜಿಲ್. "ಇನ್ನೂ ಒಂದು ಲಕ್ಷ ಮೈಲಿ ಓಡತ್ತೆ ಇದು."

ಆರ್ಲಿಸ್‌ಗೆ ಇದ್ದಕ್ಕಿದ್ದಂತೆ ಉರಿದುಹೋಯಿತು. ಅಷ್ಟು ಚೆನ್ನಾಗಿ ಇದರ ಮಾತು ಕೇಳಿಸಿಕೊಂಡವನು ನನ್ನದು ಒಂದನ್ನು ಕೇಳಬಾರದಿತ್ತೇ ಎಂದು ಬಾಯಿಗೆ ಬಂತು. ಪಕ್ಕಕ್ಕೆ ನೋಡಿದಳು. ಅವನು ಅಳುತ್ತಿದ್ದ, ರಸ್ತೆಯಿಂದ ಕಣ್ಣು ತೆಗೆಯದೆ. ಕೇಳಿಸ್ತಿದೆ ಎಂದಷ್ಟೇ ಹೇಳಿದಳು.

ಗುಜರಿಯವನು ಎಂಜಿನ್ ಚಾಲೂ ಇಡಿಸಿ ಆಲಿಸಿದ. ಇಷ್ಟು ಹಳೆಯದನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡವರನ್ನು ನೋಡಿಲ್ಲ ಎಂದು ಮನಸಾರೆ ಹೊಗಳಿದ. ಹೊಗಳಿಕೆಗೆ ಒಂದು ಡಾಲರೂ ಹೆಚ್ಚು ಬರಲಿಲ್ಲ. ನಂತರ ಕಾಗದ ತಂದ. ಮಾರುವವರ ಹೆಸರು, ಸಹಿ, ವಿಳಾಸ.

ವರ್ಜಿಲನ ಪೆನ್ನು ವಿಳಾಸದಲ್ಲಿ ನಿಂತಿತು. ವರ್ಷವಿಡೀ ಗಾಡಿಯಲ್ಲೇ ಬದುಕುವ ನಮ್ಮ ಎಷ್ಟೋ ಜನರಂತೆ ಅವರಿಗೂ ಸೌತ್ ಡಕೋಟಾದಲ್ಲಿ ಕಾಗದದ ಮೇಲಿನ ವಿಳಾಸವೊಂದಿತ್ತು, ಟಪಾಲು ಕೂಡಿಟ್ಟು ಕಳಿಸುವ ಅಂಗಡಿಯೊಂದರ ಡಬ್ಬಿಯ ಸಂಖ್ಯೆ. ಲೈಸೆನ್ಸಿಗೆ ಅಲ್ಲಿ ಒಂದು ರಾತ್ರಿ ತಂಗಿದ ರಶೀದಿ ಸಾಕು, ಹಾಗಾಗಿ ಆ ಅಂಗಡಿಯ ಊರಿನಲ್ಲಿ ಒಂದೇ ಒಂದು ರಾತ್ರಿ ಮಲಗಿದ್ದರು. ಅದನ್ನೇ ಬರೆದ.

ಗುಜರಿಯವನು ಓದಿ ನೋಡಿದ. "ಓ, ಅಲ್ಲಿ ಮನೆ ಇದ್ಯಾ? ಸದ್ಯ. ಇದನ್ನೂ ಮಾರ್ಕೊಂಡು ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾರಪ್ಪಾ ಅಂತ ನಂಗೆ ಒಂಥರಾ ಆಗಿತ್ತು."

ವರ್ಜಿಲ್ ಹೆಂಡತಿಯ ಮುಖ ನೋಡಿದ.

"ಹೂಂ, ಇದೆ," ಎಂದಳು ಆರ್ಲಿಸ್. ಅವನು ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದಳು: "ಎರಡು ಕೋಣೇದು."