ಎಡಕ್ಕೆ ಎಳೆಯುವ ಕಾರು

ಊರಿನವರು ಅವಳನ್ನು ಗುಡುಗಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆ ಕರೆಯುವ ಗಂಡೆದೆ ಯಾರಿಗೂ ಇರಲಿಲ್ಲ. ಬಾಡಿಗೆ ಕಾರು ಓಡಿಸುವ ಕೆಲಸ ಅವಳದು. ರೈಲು ಹಿಡಿಯುವವರನ್ನು ನಿಲ್ದಾಣಕ್ಕೆ, ನೋವು ತಿನ್ನುವವರನ್ನು ಆಸ್ಪತ್ರೆಗೆ ಮುಟ್ಟಿಸುತ್ತ ದಾರಿಯುದ್ದಕ್ಕೂ ಕಂಡಕಂಡವರಿಗೆ ಬೈಯುತ್ತಿದ್ದಳು. ಇಂಡಿಕೇಟರ್ ಹಾಕದೆ ತಿರುಗಿದವನಿಗೆ ಒಂದು ಬೈಗುಳ, ಹಾಕಿಯೂ ತಿರುಗದವನಿಗೆ ಎರಡು. ಹೆರಿಗೆಗೆ ಹೊರಟಿದ್ದ ಹೆಂಗಸೊಬ್ಬಳು ಆ ಬೈಗುಳ ಕೇಳಿ ನೋವಿನ ನಡುವೆಯೇ ನಕ್ಕುಬಿಟ್ಟಿದ್ದಳಂತೆ. ಕೋಪ ಮೂಗಿನ ತುದಿಯಲ್ಲಿದ್ದರೂ ಸ್ಟೀರಿಂಗ್ ಹಿಡಿದ ಕೈ ಮಾತ್ರ ಬಲು ಶಾಂತ. ಅವಳ ಕಾರಿನಲ್ಲಿ ಮಲಗಿದ ಮಗು ಇಳಿಯುವವರೆಗೂ ಏಳುವುದಿಲ್ಲ ಎಂದು ಅವಳಿಂದ ಬೈಸಿಕೊಂಡವರೇ ಹೇಳುತ್ತಿದ್ದರು.

ಗಂಡ ಅವಳಿಗೆ ತದ್ವಿರುದ್ಧ, ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದ ಮನುಷ್ಯ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಅವನ ವೀಲ್ ಅಲೈನ್‌ಮೆಂಟ್ ಅಂಗಡಿ. ಗಾಲಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಗಾಡಿಯನ್ನು ಹೊರಗೆ ಬಿಡುತ್ತಿರಲಿಲ್ಲ. ತಾನು ಬಿಗಿದ ಪ್ರತಿ ಬೋಲ್ಟಿನ ಮೇಲೂ ಹಳದಿ ಬಣ್ಣದಿಂದ ಒಂದು ಗೆರೆ ಎಳೆಯುವುದು ಅವನ ರೂಢಿ. ಬೋಲ್ಟು ಒಂಚೂರು ಸಡಿಲಾದರೂ ಗೆರೆ ಒಡೆದು ಗೊತ್ತಾಗಿಬಿಡುತ್ತದೆ. ಹಾಗಾಗಿ ಊರಿನ ಮೆಕ್ಯಾನಿಕ್‌ಗಳಿಗೆಲ್ಲ ಅವನು ಹಳದಿಗೆರೆ. ಗುಡುಗಮ್ಮನನ್ನು ಹೇಗೆ ಬಾಳಿಸುತ್ತಾನೋ ಪಾಪ ಎಂದು ಜನ ಅವನಿಗಾಗಿ ಮರುಗುತ್ತಿದ್ದರು. ಜನಕ್ಕೇನು, ಬಾಯಿಮುಚ್ಚಿಕೊಂಡಿರುವವರೆಲ್ಲ ಸಾಧುಗಳಂತೆಯೇ ಕಾಣುತ್ತಾರೆ.

ಒಂದು ಬೆಳಿಗ್ಗೆ ಒಲೆಯಿಂದ ಹಾಲಿನ ಪಾತ್ರೆ ಇಳಿಸುವಾಗ ಗುಡುಗಮ್ಮನ ಬಲಗೈ ಇದ್ದಕ್ಕಿದ್ದಂತೆ ಮರಗಟ್ಟಿ, ಅವಳು ನೆಲಕ್ಕೆ ಕುಸಿದಳು. ಓಡಿಬಂದ ಗಂಡ ನೋಡಿದಾಗ ಬಾಯಿ ಒಂದು ಕಡೆಗೆ ಜಾರಿತ್ತು. ತೀರಾ ಸಣ್ಣ ಪಾರ್ಶ್ವವಾಯು, ಸದ್ಯ ಬೇಗ ಬಂದಿರಿ ಎಂದರು ಡಾಕ್ಟರು. ಕೆಲವು ತಿಂಗಳು ರಬ್ಬರ್ ಚೆಂಡು ಹಿಸುಕಿದಳು, ಆ ಚೆಂಡಿಗೂ ಬೈದಳು. ಕೊನೆಗೊಂದು ದಿನ ಡಾಕ್ಟರು ತಮ್ಮ ಕೈ ಕೊಟ್ಟು, "ಒತ್ತಿ ನೋಡೋಣ" ಎಂದರು. ಒತ್ತಿದಳು. "ಬಿಡಿ ಬಿಡಿ, ಸಾಕಮ್ಮಾ! ಧಾರಾಳವಾಗಿ ಗಾಡಿ ಓಡಿಸಿ" ಎಂದು ಅವರು ಬೆರಳು ಉಜ್ಜಿಕೊಂಡರು.

ಆದರೆ ಮತ್ತೆ ಸ್ಟೀರಿಂಗ್ ಹಿಡಿದ ಮೊದಲ ದಿನವೇ ಕಾರು ಎಡಕ್ಕೆ ಜಾರಿತು. ಕೈ ಒಂಚೂರು ಸಡಿಲಿಸಿದರೆ ಸಾಕು, ಹಟ ಹಿಡಿದ ಎಮ್ಮೆಯ ಹಾಗೆ ರಸ್ತೆಯ ಅಂಚಿಗೇ ಎಳೆಯುತ್ತಿತ್ತು.

"ರೀ, ಗಾಡಿ ಎಡಕ್ಕೆ ಎಳೀತಿದೆ. ಮೆಷಿನ್‌ಗೆ ಹಾಕಿ ನೋಡ್ರಿ."

"ನೀನು ಮಲಗಿದ್ದಾಗ್ಲೇ ಹಾಕಿದ್ದೆ ಕಣೇ. ಎಲ್ಲಾ ಸರಿ ಇದೆ."

"ಇನ್ನೊಂದ್ಸಲ ಹಾಕಿ. ಎಳೀತಿದೆ ಅಂತ ಬಾಯಿಬಿಟ್ಟು ಹೇಳ್ತಿಲ್ವಾ?"

ಹಾಕಿದ. ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು, ಮೆಷಿನ್ನಿನ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಮದುವೆಯಾದಂದಿನಿಂದ ಅವಳು ತಕರಾರಿಲ್ಲದೆ ನಂಬಿದ್ದು ಅವನ ಕೆಲಸ ಒಂದನ್ನೇ. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, "ಕೂದಲಷ್ಟೂ ವ್ಯತ್ಯಾಸ ಇಲ್ಲ. ನಿನ್ನ ಬಲಗೈ ಇನ್ನೂ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಆ ಅರ್ಧ ಮಾತು ಅವಳ ಮೈಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಮಗಳಿಗೆ ಫೋನ್ ಮಾಡಿದರೆ ಅವಳೂ, "ಅಮ್ಮಾ, ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಅಪ್ಪ ನೋಡಿದಾರಲ್ಲ, ಗಾಡಿ ಸರಿ ಇದೆ. ನಿನ್ನ ಕೈನೇ ಕೈ ಕೊಡ್ತಿದೆ, ಸುಮ್ನೆ ರೆಸ್ಟ್ ತಗೋ" ಎಂದಳು. ಗುಡುಗಮ್ಮ ಫೋನ್ ಕುಕ್ಕಿದಳು. ಸಿಟ್ಟು ಮಗಳ ಮೇಲಲ್ಲ, ತನ್ನದೇ ತೋಳಿನ ಮೇಲೆ. ಬಚ್ಚಲುಮನೆಗೆ ಹೋಗಿ ತುಂಬಿದ ಬಕೆಟ್ಟನ್ನು ಬಲಗೈಯಲ್ಲಿ ಎತ್ತಿ ನೋಡಿದಳು. ಎತ್ತಿತು. ಇಳಿಸಿ ಮತ್ತೆ ಎತ್ತಿದಳು. ಗಂಡ ಹೊಸ್ತಿಲಲ್ಲಿ ನಿಂತು ನೋಡಿದ, ಏನೂ ಹೇಳದೆ ಹೋದ.

ಮೊದಲು ದೂರದ ಬಾಡಿಗೆ ಬಿಟ್ಟಳು. ಆಮೇಲೆ ಮಕ್ಕಳಿರುವ ಬಾಡಿಗೆ ಬಿಟ್ಟಳು. ತನ್ನ ಕೈ ಸೋತು ಯಾರ ಮಗುವಿಗಾದರೂ ಏನಾದರೂ ಆದರೆ ಎಂಬ ಭಯ. ದಾರಿಯಲ್ಲಿ ಬೈಯುವುದೂ ನಿಂತಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಇನ್ನೊಬ್ಬರ ಎಲೆಯ ನೊಣ ತೋರಿಸುವುದು ಹೇಗೆ? ಕೊನೆಗೆ ಒಂದು ದಿನ, "ಗಾಡಿ ಮಾರಿಬಿಡೋಣ" ಎಂದಳು. ಗಂಡ ಬೇಡ ಎನ್ನುತ್ತಾನೆಂದು ಕಾದಳು. ಅವನು ತಲೆ ತಗ್ಗಿಸಿ, "ನಿನ್ನಿಷ್ಟ" ಎಂದ.

ಕೊಳ್ಳಲು ಬಂದವನು ಫೋಟೋ ಸ್ಟುಡಿಯೋ ಇಟ್ಟವನು. ಕ್ಯಾಮೆರಾ ಹಿಡಿದವನಿಗೆ ಎಲ್ಲದರಲ್ಲೂ ಕೊಂಕು ಕಾಣುತ್ತದೆ. "ಹೆಂಡ್ತಿ ಗಾಡಿಗೆ ಗಂಡನೇ ಸರಿ ಇದೆ ಅಂದ್ರೆ ಹೆಂಗಮ್ಮಾ? ನನ್ನ ಮೆಕ್ಯಾನಿಕ್ ಹತ್ರ ಒಂದ್ಸಲ ತೋರಿಸ್ಬಿಡೋಣ" ಎಂದ. ಗಂಡ ಬಿಡಿಭಾಗ ತರಲು ಪೇಟೆಗೆ ಹೋಗಿದ್ದ. ಅವಳೇ ಓಡಿಸಿಕೊಂಡು ಹೋದಳು.

ಆ ಮೆಕ್ಯಾನಿಕ್ ಊರಾಚೆಯ ಹೆದ್ದಾರಿಯಲ್ಲಿದ್ದ, ಮೊದಲು ಹೊಟ್ಟೆ ಬಂದು ಆಮೇಲೆ ತಾನು ಬರುವಂಥ ಮನುಷ್ಯ. ಅವಳು ಯಾರ ಹೆಂಡತಿಯೆಂದು ಅವನಿಗೆ ಗೊತ್ತಿರಲಿಲ್ಲ. ಕಾರನ್ನು ಮೇಲಕ್ಕೆ ಹತ್ತಿಸಿ, ನಾಲ್ಕೂ ಗಾಲಿಗೆ ಅಳತೆಯ ಪಟ್ಟಿ ಕಚ್ಚಿಸಿದ. ಪರದೆಯಲ್ಲಿ ಮುಂದಿನ ಎಡಗಾಲಿಯ ಅಂಕಿ ಮಾತ್ರ ಕೆಂಪಾಗಿ ಹೊತ್ತಿಕೊಂಡಿತು.

"ಅಮ್ಮಾ, ಗಾಡಿ ಎಡಕ್ಕೆ ಎಳೀತಿರ್ಬೇಕಲ್ಲ?"

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಏನಂದೆ? ಇನ್ನೊಂದ್ಸಲ ಹೇಳು."

"ಈ ಗಾಲಿ ಮೇಲ್ಗಡೆ ಹೊರಕ್ಕೆ ವಾಲಿದೆ. ಹಿಂಗಿದ್ರೆ ಯಾರು ಓಡಿಸಿದ್ರೂ ಎಳೀತದೆ."

ಯಾರು ಓಡಿಸಿದರೂ! ಗುಡುಗಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಕುಣಿದುಬಿಡುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಹಳೆಯ ಗುಡುಗು ಬಂತು. "ಯಾವ ಗೂಬೆ ಮಾಡಿದ್ದು ಈ ಕೆಲ್ಸ?"

ಅವನು ಟಾರ್ಚ್ ಹಿಡಿದು ಬಗ್ಗಿ ನೋಡಿದ. "ಬೋಲ್ಟ್ ಮೇಲೆ ಹಳದಿ ಗೆರೆ ಇದೆ. ಒಡೆದಿಲ್ಲ. ಹಳದಿಗೆರೆಯವರ ಕೈಕೆಲ್ಸ."

"ಹಂಗಾದ್ರೆ ಅವರು ತಪ್ಪು ಮಾಡಿದಾರೆ."

"ಅವರಾ? ಛೆ, ಅವರು ತಪ್ಪು ಮಾಡಲ್ಲಮ್ಮಾ."

ಪಾಪ, ಅವನು ಹೊಗಳಿದ್ದು. ಆದರೆ ಆ ಹೊಗಳಿಕೆ ಅವಳ ಕೆನ್ನೆಗೆ ಬಾರಿಸಿದಂತಾಯಿತು. ಹೌದು, ಅವರು ತಪ್ಪು ಮಾಡುವುದಿಲ್ಲ. ಗೆರೆ ಒಡೆದಿಲ್ಲವೆಂದರೆ ಗುಂಡಿಗೆ ಬಿದ್ದು ಗಾಲಿ ವಾಲಿಲ್ಲ. ವಾಲಿಸಿ, ಬಿಗಿದು, ಗೆರೆ ಎಳೆದದ್ದು. ಆಮೇಲೆ ತಾನೇ ಮೆಷಿನ್ನಿಗೆ ಹಾಕಿ, ಈ ಕೆಂಪನ್ನು ಕಣ್ಣಾರೆ ನೋಡಿ, ಕೂದಲಷ್ಟೂ ವ್ಯತ್ಯಾಸವಿಲ್ಲ ಎಂದದ್ದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ಸರಿ ಮಾಡ್ಬಿಡ್ಲಾ?"

"ಮುಟ್ಟಬೇಡ. ವಾಲಿಸಿದವನೇ ನೆಟ್ಟಗೆ ಮಾಡ್ಲಿ."

ಸ್ಟುಡಿಯೋದವನು ಗಂಟಲು ಸರಿಮಾಡಿಕೊಂಡ. "ಹಂಗಾದ್ರೆ ರೇಟಲ್ಲಿ ಸ್ವಲ್ಪ..."

"ಗಾಡಿ ಮಾರಲ್ಲ. ಹತ್ತಿ, ನಿಮ್ಮನ್ನ ಸ್ಟುಡಿಯೋ ಹತ್ರ ಬಿಡ್ತೀನಿ. ಇನ್ನೊಂದು ಮಾತಾಡಿದ್ರೆ ದಾರೀಲಿ ಇಳಿಸ್ತೀನಿ."

ಅವನು ಉಸಿರೆತ್ತದೆ ಕೂತು ಬಂದ.

ಅಂಗಡಿಗೆ ಬಂದಾಗ, ಪೇಟೆಯಿಂದ ಮರಳಿದ್ದ ಗಂಡ ರಿಪೇರಿ ಗುಂಡಿಯೊಳಗೆ ಇಳಿದು ಯಾರದೋ ಜೀಪಿನ ಅಡಿಭಾಗ ನೋಡುತ್ತಿದ್ದ. ಅವಳು ಅಂಚಿನಲ್ಲಿ ನಿಂತಳು. ಗಂಡನಿಗೆ ಎಷ್ಟೇ ಬೈದರೂ ಬಹುವಚನ ಬಿಟ್ಟು ಬೈದವಳಲ್ಲ. ಇಂದು ಅದೂ ಬಾಯಿಗೆ ಬರಲಿಲ್ಲ.

"ಮೇಲೆ ಬಾ."

ಅವನು ಅವಳ ಮುಖ ನೋಡಿದ, ಬಾಗಿಲಾಚೆ ನಿಂತ ಕಾರು ನೋಡಿದ. ಸ್ಪ್ಯಾನರ್ ಕೆಳಗಿಟ್ಟು ಮೆಟ್ಟಿಲು ಹತ್ತಿ ಬಂದ.

"ಆವತ್ತು ಅಡುಗೆಮನೇಲಿ ನಿನ್ನ ನೋಡಿದ್ದು ನಾನು ಕಣೇ" ಎಂದ. "ನಿನಗೆ ಗೊತ್ತಿಲ್ಲ ಹೆಂಗಿದ್ದೆ ಅಂತ. ಅದೇ ರಸ್ತೇಲಿ ಆಗಿದ್ರೆ? ಗಾಡಿ ಬಲಕ್ಕೆ ಹೋದ್ರೆ ಎದುರಿಗೆ ಲಾರಿ. ಎಡಕ್ಕೆ ಎಳೆಯೋ ಹಂಗಿದ್ರೆ, ಕೈ ಬಿದ್ದುಹೋದ್ರೂ ತಾನಾಗೇ ಅಂಚಿಗೆ ಹೋಗಿ ನಿಲ್ಲುತ್ತೆ. ಅಷ್ಟೇ ಯೋಚನೆ ಮಾಡಿದ್ದು."

"ಹೇಳಕ್ಕೇನಾಗಿತ್ತು?"

"ಹೇಳಿದ್ರೆ ಬೈತಿದ್ದೆ."

"ಬೈತಿದ್ದೆ! ಬೈಸ್ಕೊಂಡ್ರೆ ಸಾಯ್ತಿದ್ಯಾ? ಅದಕ್ಕೆ ಹೆದರಿ ನನ್ನ ಕೈನೇ ನಾನು ನಂಬದ ಹಂಗೆ ಮಾಡ್ದಲ್ಲ! ಬಕೆಟ್ ಎತ್ತಿ ಎತ್ತಿ ನೋಡ್ಕೋತಿದ್ದೆ. ಹೊಸ್ತಿಲಲ್ಲಿ ನಿಂತು ನೋಡಿದ್ಯಲ್ಲ, ಆವಾಗ್ಲಾದ್ರೂ ಬಾಯಿ ಬರಲಿಲ್ವಾ? ಗಾಡಿ ಮಾರ್ತೀನಿ ಅಂದ್ರೆ ನಿನ್ನಿಷ್ಟ ಅಂದ್ಯಲ್ಲ!"

ಮನೆಯವರ ಮೇಲಿನ ಪ್ರೀತಿಗೆ ಸುಳ್ಳು ಬೆರೆಸಿ ಬಡಿಸುವವರಿಗೆ ಸಿಕ್ಕಿಬಿದ್ದಾಗ ಹೇಳಲು ಏನೂ ಇರುವುದಿಲ್ಲ. ಅವನು ಕಾರನ್ನು ಒಳಗೆ ತಂದು, ಬೋಲ್ಟು ಸಡಿಲಿಸಿ, ಗಾಲಿಯನ್ನು ನೆಟ್ಟಗೆ ಮಾಡಿದ. ಅವಳು ಈ ಸಲ ಪರದೆಯ ಎದುರೇ ನಿಂತಿದ್ದು, ಎಲ್ಲ ಅಂಕಿಗಳೂ ಹಸಿರಾಗುವವರೆಗೆ ಕಣ್ಣು ಕೀಳಲಿಲ್ಲ.

ಗೋದಾಮುಗಳ ಹಿಂದಿನ ನೇರ ರಸ್ತೆಗೆ ಇಬ್ಬರೂ ಹೊರಟರು, ಅವಳ ಕೈಯಲ್ಲಿ ಸ್ಟೀರಿಂಗ್, ಪಕ್ಕದಲ್ಲಿ ಅವನು. ಖಾಲಿ ರಸ್ತೆಯಲ್ಲಿ ಅವಳು ಎರಡೂ ಕೈ ಬಿಟ್ಟಳು. ಕಾರು ದಾರ ಹಿಡಿದಂತೆ ನೆಟ್ಟಗೆ ಹೋಯಿತು.

"ನೋಡು, ಸರಿಯಾಯ್ತು" ಎಂದು ಅವನು ನಕ್ಕ. ಆ ನಗು ಅವಳಿಗೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸ್ಟೀರಿಂಗ್ ಹಿಡಿದು ಕಾರಿನ ವೇಗ ಹೆಚ್ಚಿಸಿದಳು.

ಎದುರಿನಿಂದ ಲಾರಿಯೊಂದು ಬಂತು. ಇಷ್ಟು ದಿನ ಎಡಕ್ಕೆ ಎಳೆಯುವ ಕಾರನ್ನು ಬಲಕ್ಕೆ ಜಗ್ಗಿ ಜಗ್ಗಿ ರೂಢಿಯಾಗಿದ್ದ ಕೈ, ಅವಳನ್ನು ಕೇಳದೆಯೇ ಬಲಕ್ಕೆ ಜಗ್ಗಿತು. ಕಾರು ನಡುಗೆರೆ ದಾಟಿತು. ಲಾರಿಯ ಹಾರ್ನು ಕಿವಿ ಹರಿಯುವಂತೆ ಕೂಗಿತು, ಗಂಡ ಚೀರಿದ. ಅವಳು ಎಡಕ್ಕೆ ತಿರುಗಿಸಿ ಮಣ್ಣಿನಂಚಿಗೆ ತಂದು ಬ್ರೇಕು ತುಳಿದಳು. ಎದ್ದ ಧೂಳು ಮೆಲ್ಲಗೆ ಇಳಿಯಿತು. ಅವನ ಮುಖ ಸುಣ್ಣದ ಗೋಡೆಯಂತೆ ಬಿಳುಚಿತ್ತು. ಅವಳು ಅಡುಗೆಮನೆಯಲ್ಲಿ ಕುಸಿದಂದು ಅವನು ಕಲ್ಪಿಸಿಕೊಂಡು ಹೆದರಿದ್ದ ಲಾರಿ ಇದೇ, ಬಂದದ್ದೂ ಅದೇ ಕಡೆಯಿಂದ.

"ಕೈ ಸೋಲುತ್ತೆ ಅಂತ ತಾನೇ ಹೆದರಿದ್ದು?" ಎಂದಳು. ಕೈ ಇನ್ನೂ ಸ್ಟೀರಿಂಗ್ ಮೇಲೇ ಗಟ್ಟಿಯಾಗಿತ್ತು. "ಅದು ಸೋಲಲಿಲ್ಲ. ನೀನು ಕಲಿಸಿದ್ದನ್ನ ಮಾಡ್ತು."

ಅವನು ಏನೋ ಹೇಳಲು ಬಾಯಿ ತೆರೆದ.

"ಇಳಿ."

"ಒಬ್ಬಳೇ ಬೇಡ ಕಣೇ..."

"ಇಳಿ ಅಂದೆ."

ಅವನು ಇಳಿದು ರಸ್ತೆಯಂಚಿನಲ್ಲಿ ನಿಂತ. ಅವಳು ಕಾರನ್ನು ನಡಿಗೆಯ ವೇಗದಲ್ಲಿ ರಸ್ತೆಯ ಕೊನೆಯವರೆಗೆ ಓಡಿಸಿ, ತಿರುಗಿಸಿಕೊಂಡು ಬಂದು, ಮತ್ತೆ ಹೋದಳು. ಕೈ ಬಲಕ್ಕೆ ಹೊರಳಿದಾಗಲೆಲ್ಲ ತಿದ್ದಿದಳು. ಅವನ ಪಕ್ಕದಲ್ಲೇ ಹಾದುಹೋಗುವಾಗ ಪ್ರತಿ ಸಲವೂ ಅವನು ಒಂದು ಹೆಜ್ಜೆ ಮುಂದೆ ಬಂದು ಕಾದ, ಬೈಯಲಿ ಎಂದೇ ಕಾದ. ಅವಳು ಕಿಟಕಿಯ ಗಾಜು ಇಳಿಸಲಿಲ್ಲ.