ಸೀದಾ ಹೋಗಬೇಕಿದ್ದ ರೋಬೋಟು

ಹುನಗುಂದದ ನಮ್ಮ ಶಾಲೆಯಲ್ಲಿ ವಿಜ್ಞಾನದ ಮಾಸ್ತರರೊಬ್ಬರಿದ್ದರು. ಕೆಟ್ಟ ಆಟಿಕೆಯನ್ನೋ ಫ್ಯಾನನ್ನೋ ಕಂಡರೆ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, "ಒಳಗ ಜೀವ ಐತ್ರಿ" ಎನ್ನುತ್ತಿದ್ದರು. ಅವರು ಮಾಡುತ್ತಿದ್ದ ರೋಬೋಟಿಗೆ ಒಂದೇ ವೇಗದಲ್ಲಿ ತಿರುಗುವ, ಗೇರ್ ಇರುವ ಎರಡು ಸಣ್ಣ ಮೋಟರು ಬೇಕಿದ್ದವು. ಹೊಸ ಜೋಡಿ ಶಾಲೆಗೆ ದುಬಾರಿಯಾಯಿತು. ಒಂದು ಇಳಕಲ್ಲಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಇನ್ನೊಂದು ಊರ ಪೆಂಡಾಲಿನ ಗಣಪತಿಯ ತಲೆಯ ಹಿಂದೆ ತಿರುಗುವ ಚಕ್ರದ್ದು. ವಿಸರ್ಜನೆಯ ಮರುದಿನ ಕೇಳಿ ತಂದರು.

ಬಾಗಲಕೋಟೆಯ ವಿಜ್ಞಾನ ಪ್ರದರ್ಶನದಲ್ಲಿ ರೋಬೋಟು ಮುಖ್ಯ ಅತಿಥಿಗೆ ಹೂ ತಲುಪಿಸಬೇಕಿತ್ತು. ಗೆದ್ದರೆ ಹೊಸ ಮೋಟರು ಕೊಡಿಸುವುದಾಗಿ ಶಾಲೆಯ ಅಧ್ಯಕ್ಷರು ಮಾತು ಕೊಟ್ಟಿದ್ದರು. ಆದರೆ ಎರಡು ಮೋಟರುಗಳ ವೇಗ ಒಂದಕ್ಕೊಂದು ಹೊಂದಲಿಲ್ಲ. ರೋಬೋಟು ಹೂ ಹೊತ್ತು ಅತಿಥಿಯ ಕುರ್ಚಿಯನ್ನೇ ಸುತ್ತತೊಡಗಿತು. ಮಾಸ್ತರರು ಕಣ್ಣು ಮುಚ್ಚಿಕೊಂಡರು.

"ಪ್ರದಕ್ಷಿಣಿ ಹಾಕಾಕತ್ತೈತಿ ನೋಡಲೇ!" ಎಂದು ಯಾರೋ ಕೂಗಿದರು. ಅತಿಥಿ ಎದ್ದು ಕೈಮುಗಿದರು. ಮೊದಲ ಬಹುಮಾನ ನಮಗೇ ಬಂತು.

ಹೊರಡುವಾಗ ಮಾಸ್ತರರು ಅಧ್ಯಕ್ಷರಿಗೆ, "ಸಾಹೇಬ್ರ, ಖರೆ ಅಂದ್ರ ಅದು ಸೀದಾ ಹೋಗಬೇಕಿತ್ರಿ. ಹೊಸಾ ಮೋಟರ್ ಕೊಡಸ್ತೀನಿ ಅಂದಿದ್ರಿ" ಎಂದರು.

ಅಧ್ಯಕ್ಷರು ಗಾಬರಿಯಿಂದ ಅವರ ಕೈ ಹಿಡಿದುಕೊಂಡರು. "ಬ್ಯಾಡ್ರಿ ಮಾಸ್ತರ್ರ! ಇಷ್ಟು ಸಂಸ್ಕಾರ ಕಲ್ತೈತಿ, ಮತ್ಯಾಕ ಕೆಡಸ್ತೀರಿ?"