ಪಟ್ಟೆ ಎಣಿಸುವ ಪವಿತ್ರ

ಟಪ್, ಟಪ್ ಎಂದು ಗಾಜಿನ ನಳಿಕೆಯನ್ನು ಅಂಗೈಗೆ ತಟ್ಟುವ ಸದ್ದು ಕೇಳಿದರೆ ಬಸ್ಸಿನವರೆಲ್ಲ 'ನೊಣದ ಮೇಡಂ ಬಂದ್ರು' ಎನ್ನುತ್ತಾರೆ. ಹೆಮ್ಮರಗಾಲದಿಂದ ನಂಜನಗೂಡಿಗೆ ಜೀವಶಾಸ್ತ್ರ ಕಲಿಸಲು ಬರುವ ಪವಿತ್ರಳ ಕೈಚೀಲದಲ್ಲಿ ಸದಾ ನೂರು ಹಣ್ಣಿನ ನೊಣಗಳಿರುತ್ತವೆ. ಮೊಟ್ಟೆ ಬಿರಿಯುವ ಹೊತ್ತಾಯಿತೆಂದು ಮದುವೆಯೂಟದ ಪಾಯಸ ಬಿಟ್ಟು ಎದ್ದವಳು ಅವಳು! ಒಂದೇ ಒಂದು ಜೀನು ಕೆಟ್ಟರೆ ಮೊಟ್ಟೆಯೊಳಗಿನ ನೊಣದ ಭ್ರೂಣದ ಮೈಮೇಲೆ ಒಂದು ಬಿಟ್ಟು ಒಂದು ಪಟ್ಟೆ ಮಾಯವಾಗುತ್ತದೆಂದು ಕಂಡಕ್ಟರಿಗೂ ಟಿಕೆಟ್ಟಿನ ಹಿಂದೆ ಬರೆದು ತೋರಿಸುತ್ತಾಳೆ. ನಂಜನಗೂಡಿನ ಬಸ್ ನಿಲ್ದಾಣದೆದುರು ಹಣ್ಣು ಮಾರುತ್ತಾ, ನೊಣಗಳಿಗೆಂದು ಅವಳಿಗೆ ಕಳಿತ ಬಾಳೆಹಣ್ಣು ಕೊಡುವ ಅವಳೂರಿನ ಮಾದಮ್ಮ ಇವತ್ತು ಛೇಡಿಸಿದಳು: "ನೊಣಕ್ಕೆ ತೊಟ್ಲು ಕಟ್ಟಿದ್ದು ಸಾಕು, ನಿಮ್ಮಕ್ಕಂಗೆ ಬುದ್ಧಿ ಏಳವ್ವ. ಬಸುರೀಲಿ ಗ್ರಹಣದ ದಿವ್ಸ ಈಳಿಗೆಮಣೆ ಮುಟ್ಟಿ ಮಗೀನ ತುಟಿ ಸೀಳುಸ್ಬುಟ್ಲು." ಊರವರ ಇದೇ ಮಾತಿಗೆ ಅಂಜಿ ಅಕ್ಕ ಎರಡು ವರ್ಷದಿಂದ ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಹೋಗಿಲ್ಲ. ಪವಿತ್ರ ನಳಿಕೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. "ನೋಡತ್ತೆ, ಈ ಮೊಟ್ಟೆಗಳು ಬಿರೀಲೇ ಇಲ್ಲ. ಒಳಗೆ ಮರಿ ಅರ್ಧಕ್ಕೇ ನಿಂತೋಯ್ತು. ಇವುಗಳ ಅವ್ವ ಯಾವ ಈಳಿಗೆಮಣೆ ಮುಟ್ಟಿದ್ಲು?" ಮಾದಮ್ಮ ನಳಿಕೆಯೊಳಗೆ ಇಣುಕಿದಳು. "ಅಂಗಾದ್ರೆ ನಿಮ್ಮಕ್ಕಂದು ತಪ್ಪಿಲ್ವಾ?" "ಚೂರೂ ಇಲ್ಲ. ಊರಲ್ಲಿ ನೀನೇ ಹೇಳು!" "ಮತ್ಯಾಕವ್ವ ಮಗೀಗೆ ಅಂಗಾಯ್ತು..." ಮಾದಮ್ಮ ಕೇಳುತ್ತಲೇ ಇದ್ದಳು, ಪವಿತ್ರ ಇನ್ನೊಂದು ನಳಿಕೆಯ ಮೊಟ್ಟೆ ಬಿರಿಯುವ ಹೊತ್ತಾಯಿತೆಂದು ಗಡಿಯಾರ ನೋಡಿಕೊಂಡು ಆಗಲೇ ರಸ್ತೆ ದಾಟುತ್ತಿದ್ದಳು.